ನೀಲವ್ವನ ಕಣ್ಣು, ಕಂಪೌಂಡರನ ಸೂಜಿ

ನಮ್ಮ ಮನೆಯವರಿಗೆ ಅವತ್ತು ಬಡಿದದ್ದು ದೃಷ್ಟಿ ಅಲ್ಲ, ಸೂಜಿ.

ಮೊದಲೇ ಹೇಳಿಬಿಟ್ಟೆ. ಕೊನೆಯವರೆಗೆ ಮುಚ್ಚಿಟ್ಟು ನಿಮ್ಮನ್ನು ಕಾಯಿಸುವುದು ನನಗೆ ಬಾರದು. ಬಬಲೇಶ್ವರದ ನಮ್ಮ ಓಣಿಯಲ್ಲಿ ಮಾತ್ರ ಇಷ್ಟು ವರ್ಷ ಬೇರೆಯೇ ತೀರ್ಮಾನ ನಡೆದುಕೊಂಡು ಬಂದಿತ್ತು. ಎದುರು ಮನೆಯ ನೀಲವ್ವನ ಕಣ್ಣು ಬಿದ್ದು ನಮ್ಮ ಮನೆಯವರು ಸಾಯುವ ಹಾಗಾಗಿ ಬದುಕಿದರು, ಅಂತ. ಈ ಕಥೆಯನ್ನು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವರು ಯಾರು? ನಮ್ಮ ಮನೆಯವರೇ, ನನ್ನ ಗಂಡ.

ಅವರು ಹೇಳುವ ಕಥೆ ಹೀಗಿದೆ. ಅಣ್ಣನ ಮಗನಿಗೆ ಕನ್ಯೆ ನೋಡಲು ನಿಡೋಣಿಗೆ ಹೊರಟಿದ್ದರು. ತಲೆಗೆ ಕೇಸರಿ ಬಣ್ಣದ, ಜರಿ ಅಂಚಿನ ಹೊಸ ರುಮಾಲು. ಮೀಸೆಗೆ ಎಣ್ಣೆ. ಕಾಲಲ್ಲಿ ಕಿರುಗುಟ್ಟುವ ಹೊಸ ಚಪ್ಪಲಿ. ಓಣಿಯಲ್ಲಿ ನಡೆದು ಬರುವಾಗ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ನೀಲವ್ವ ತಲೆ ಎತ್ತಿ ನೋಡಿದಳು. "ಕಾಕಾರ, ಮದುವಿ ಗಂಡ ನಿಮ್ಮ ಅಣ್ಣನ ಮಗನೋ, ನೀವೋ?" ಅಂದಳು. ಅಷ್ಟೇ. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮೈತುಂಬ ದದ್ದು. ತುಟಿ ಬಾತು ಬದನೆಕಾಯಿ. ಉಸಿರು ಸಿಗದೆ ನಡುಮನೆಯಲ್ಲಿ ಉರುಳಿಬಿದ್ದರು.

"ಆಕಿ ತಪ್ಪರೆ ಏನೈತಿ ಬಿಡ್ರಿ, ಅವತ್ತ ನಾನು ಹಂಗ ಕಾಣಾಕತ್ತಿದ್ದೆ" ಅಂತ ಕಥೆ ಮುಗಿಸಿ ಮೀಸೆ ಮುಟ್ಟಿಕೊಳ್ಳುತ್ತಾರೆ. ಕೇಳಿದವರು ಮೀಸೆ ನೋಡುತ್ತಾರೆ. ಆಮೇಲೆ ನೀಲವ್ವನ ಬಾಗಿಲು ನೋಡುತ್ತಾರೆ.

ಕಥೆಯಲ್ಲಿ ಅವರು ಬಿಟ್ಟುಬಿಟ್ಟದ್ದು ಒಂದು ಕುರು.

ಕೂಡುವ ಜಾಗದಲ್ಲೇ ಎದ್ದಿತ್ತು. ನಿಡೋಣಿಯವರೆಗೆ ಚಕ್ಕಡಿಯಲ್ಲಿ ಕೂತು ಹೋಗಬೇಕು. ಕೂಡುವುದು ಹೇಗೆ? ಆಗೆಲ್ಲ ವಾರಕ್ಕೊಮ್ಮೆ ಟಿಕೋಟಾ ಕಡೆಯಿಂದ ಒಬ್ಬ ಕಂಪೌಂಡರ್ ಫಟಫಟಿ ಮೋಟಾರ್ ಸೈಕಲ್ ಮೇಲೆ ನಮ್ಮೂರಿಗೆ ಬರುತ್ತಿದ್ದ. ಊರ ಬಾಗಿಲು ಅಗಸಿಯ ಹತ್ತಿರದ ಚಹಾದಂಗಡಿಯ ಬಾಕಿನ ಮೇಲೆ ಕೂತು ಕೇಳಿದವರಿಗೆಲ್ಲ ಸೂಜಿ ಹಾಕುತ್ತಿದ್ದ. ಜ್ವರಕ್ಕೂ ಅದೇ, ಕೆಮ್ಮಿಗೂ ಅದೇ, ಕುರುವಿಗೂ ಅದೇ. ನಮ್ಮ ಮನೆಯವರು ರುಮಾಲು ಸುತ್ತಿಕೊಂಡೇ ಅಗಸಿಗೆ ಹೋದರು, ತೋಳು ಚಾಚಿದರು, ಎಲೆ ಅಡಿಕೆ ಹಾಕಿಕೊಂಡು ತಿರುಗಿ ಬಂದರು. ಬಾಯಲ್ಲಿಯ ಎಲೆ ಕೆಂಪಾಗುವುದರೊಳಗೆ ಮೈ ಕೆಂಪಾಗಿತ್ತು.

ಸೂಜಿ ಹಾಕಿದವನು ಫಟಫಟಿ ಹತ್ತಿ ಊರು ದಾಟಿದ್ದ. ನೋಡಿದವಳು ಎದುರು ಕಟ್ಟೆಯ ಮೇಲೆ ಕೂತಿದ್ದಳು. ಕೈಗೆ ಸಿಕ್ಕವರು ಯಾರು?

ಆಗ ಅತ್ತೆ ಇದ್ದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಉಸಿರಿಗಾಗಿ ಒದ್ದಾಡುವ ಮನುಷ್ಯನ ಮೂಗಿಗೆ ಬ್ಯಾಡಗಿ ಮೆಣಸಿನಕಾಯಿಯ ಹೊಗೆ. (ಇಷ್ಟಾದರೂ ಬದುಕಿದರಲ್ಲ, ಅವರ ಆಯುಷ್ಯ ಗಟ್ಟಿ.) ವಾಂತಿ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಬಾವು ಇಳಿಯಿತು. ಮೆಣಸಿನಕಾಯಿಯೇ ಉಳಿಸಿತು ಅಂತ ಅತ್ತೆ ಕಡೆತನಕ ಹೇಳಿದರು. ಮುಂದೆ ಕುರು ತಾನಾಗಿ ಒಡೆದು ಹೋಯಿತು. ಕಥೆಯಿಂದಲೂ ಹೋಯಿತು. ಸೂಜಿಯೂ ಅದರ ಜೊತೆಗೇ ಹೋಯಿತು. ಸೂಜಿ ಅಂದರೆ ವಾಸಿ ಮಾಡುವ ಸಾಮಾನು, ಅದರಿಂದ ಕೇಡಾಗುತ್ತದೆ ಅಂತ ನಮಗಾದರೂ ಹೇಗೆ ಹೊಳೆಯಬೇಕು?

ಉಳಿದದ್ದೆಲ್ಲ ನೀಲವ್ವನ ಪಾಲಿಗೆ.

ಬಾಯಿ ತುಂಬ ಹೊಗಳುವ ಹೆಂಗಸು ಅವಳು. ಕೂಸು ಕಂಡರೆ ಕೂಸನ್ನು, ಸೀರೆ ಕಂಡರೆ ಸೀರೆಯನ್ನು, ಏನೂ ಸಿಗದಿದ್ದರೆ ನಿಮ್ಮ ಮನೆಯ ಸಾರಿನ ವಾಸನೆಯನ್ನು ಹೊಗಳುವಳು. ಅವತ್ತಿನಿಂದ ತಾಯಂದಿರು ಕೂಸಿಗೆ ಸೆರಗು ಮುಚ್ಚಿಕೊಂಡು ಅವಳ ಮನೆ ದಾಟತೊಡಗಿದರು. ಹೊಸ ಎತ್ತು ತಂದವರು ಹಿಂದಿನ ಓಣಿ ಸುತ್ತಿ ಮನೆ ಮುಟ್ಟಿದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು, ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನೆ ಸುತ್ತು ಹಾಕಿ ಹೋಗುವವರ ಜೊತೆ ಹೇಗೆ ಜಗಳಾಡುವುದು?

ಅವಳು ನೆಲ ನೋಡಿಕೊಂಡು ನಡೆಯುವುದನ್ನು ಕಲಿತಳು. ಯಾರಾದರೂ ಕೂಸು ಎದುರಿಗೆ ಹಿಡಿದೇಬಿಟ್ಟರೆ ಓರೆಗಣ್ಣಿನಿಂದ ನೋಡಿ, "ಇದೇನ್ ಬೇ, ಇಲಿಮರಿ ಹಂಗೈತಿ" ಅನ್ನುತ್ತಿದ್ದಳು. ತಾಯಂದಿರಿಗೆ ಸಂತೋಷ.

ನಾನು ಮಾತ್ರ ಹೆಪ್ಪು ಕೇಳಲು ಅವಳ ಮನೆಗೆ ಹೋಗುವುದನ್ನು ಬಿಡಲಿಲ್ಲ. ದೊಡ್ಡ ಗುಣ ಅಂತ ತಿಳಿಯಬೇಡಿ. ಅವಳ ಹೆಪ್ಪಿಗೆ ಮೊಸರು ಗಟ್ಟಿಯಾಗುತ್ತದೆ, ಅದಕ್ಕೆ.

ಇರಲಿ. ಹೋದ ವಾರಕ್ಕೆ ಬರುತ್ತೇನೆ.

ನಮ್ಮ ಮನೆಯವರ ಅಂಗಾಲಿಗೆ ಜಾಲಿ ಮುಳ್ಳು ನೆಟ್ಟಿತು. ಮುಳ್ಳು ತೆಗೆದು ಸುಣ್ಣ ಬೆಲ್ಲ ಕಟ್ಟಿದರು. ಕಾಲು ಉಬ್ಬಿತು. ಅರಿಷಿಣ ಮೆತ್ತಿದರು. ಇನ್ನಷ್ಟು ಉಬ್ಬಿತು. ಜ್ವರ ಬಂತು, ಕೆಂಪು ಮೀನಖಂಡದವರೆಗೆ ಏರಿತು. "ಇನ್ನೇನ್ ಮೆತ್ತೂದೈತಿ? ಸಗಣಿ ಒಂದ ಉಳದೈತಿ" ಅಂತ ಹೇಳಿ ನಾನೇ ಬಸ್ಸಿಗೆ ಹತ್ತಿಸಿದೆ. ಸಾರವಾಡ ದಾಟುವತನಕ ನರಳಿದರು, ಆಮೇಲೆ ನರಳಲೂ ಶಕ್ತಿ ಇರಲಿಲ್ಲ. ವಿಜಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಟಾಂಗಾ ಹಿಡಿದು ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಕಾಲು ನೋಡಿದರು, ನನ್ನನ್ನು ನೋಡಿದರು, ಬೈಯಲಿಲ್ಲ. ಅಡ್ಮಿಟ್ ಮಾಡಿಕೊಂಡು ಪೆನಿಸಿಲಿನ್ ಬರೆದರು. ತಡ ಮಾಡಿದರೆ ಕಾಲು ಹೋದೀತು ಅಂದರು.

ಆ ವಾರ್ಡಿನ ನರ್ಸ್ ಜುಬೇದಾ ಅಂತ. ಇದೇ ವಿಜಾಪುರದ ಹುಡುಗಿ, ಅವರಪ್ಪ ಗಾದಿ ತುಂಬುವ ಕೆಲಸದವರು. ಬಿಳಿ ಸೀರೆ, ಎದೆಗೆ ಚುಚ್ಚಿದ ಗಡಿಯಾರ, ನಗು ಕಡಿಮೆ. ಬಂದವಳೇ ನಮ್ಮ ಕಡೆ ಬರಲಿಲ್ಲ. ಪಕ್ಕದ ಕಾಟಿನಲ್ಲಿ ತೊರವಿಯ ಟ್ರ್ಯಾಕ್ಟರ್ ಡ್ರೈವರ್ ಇದ್ದ, ಅಂಗೈಗೆ ಕಬ್ಬಿಣ ಹೊಕ್ಕು ಕೀವಾಗಿತ್ತು. ಮೊದಲು ಅವನ ಸರದಿ.

ಅವನ ಮುಂಗೈ ಚರ್ಮದಲ್ಲಿ ಸ್ವಲ್ಪೇ ಸ್ವಲ್ಪ ಔಷಧ ಚುಚ್ಚಿದಳು. ಸುತ್ತಲೂ ಪೆನ್ನಿನಿಂದ ಒಂದು ಚಕ್ರ ಬರೆದಳು. ಇದಕ್ಕೆ ಟೆಸ್ಟ್ ಡೋಸ್ ಅನ್ನುತ್ತಾರಂತೆ. ಮಗ್ಗುಲಿನ ಟ್ರೇಯಲ್ಲಿ ಇನ್ನೊಂದು ಸೂಜಿ ಸಿದ್ಧ ಇತ್ತು. ರಿಯಾಕ್ಷನ್ ಆದರೆ ಜೀವ ಉಳಿಸಲು ಹಾಕುವುದು. ಬೆಂಕಿ ಹಚ್ಚುವ ಮೊದಲೇ ಕೊಡ ತುಂಬಿಟ್ಟುಕೊಳ್ಳುವ ಹೆಂಗಸು. ಅಂಥವರು ನನಗೆ ಸೇರುತ್ತಾರೆ.

"ಇನ್ನ ಅರ್ಧ ತಾಸು ಏಳಬಾರದು" ಅಂದಳು.

"ಇರಿವಿ ಕಡದಂಗಾತು ಅಷ್ಟ, ಸಿಸ್ಟರ್. ಇದಕ್ಯಾಕ ಅರ್ಧ ತಾಸು? ಹೊರಗ ಒಂದ ಬೀಡಿ ಸೇದಿ ಬರತೇನಿ."

"ಕಡದದ್ದು ಇರಿವಿಯೋ ಹಾವೋ ಅನ್ನೂದು ಅರ್ಧ ತಾಸಿನ ಮ್ಯಾಲ ಗೊತ್ತಾಕ್ಕೈತಿ. ಕುಂದರು."

ಕೂತ. ಅವಳು ಬೇರೆ ಕೆಲಸ ಮಾಡುತ್ತಿದ್ದಳು, ಆದರೆ ಕಣ್ಣು ಇವನ ಮೇಲೆ. ಆಗಾಗ ಬಂದು ಚಕ್ರ ನೋಡುವುದು, ತುಟಿ ನೋಡುವುದು, ತುರಿಸುತ್ತದೇನು, ಎದೆ ಬಿಗಿಯುತ್ತದೇನು ಅಂತ ಕೇಳುವುದು. ಏನೂ ಆಗಲಿಲ್ಲ. ಆಗ ಪೂರಾ ಸೂಜಿ ಹಾಕಿ ಮತ್ತೆ ಕೂಡಿಸಿದಳು. ಅವನ ಬೀಡಿಯ ಆಸೆ ಅಲ್ಲೇ ಸತ್ತಿತು.

ನನಗೆ ನಗು ಬಂತು, ಆಮೇಲೆ ವಿಚಾರವೂ ಬಂತು. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತೇವೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಶೇಂಗಾ ಒಂದು ಹಿಡಿ ಬಾಯಿಗೆ ಹಾಕಿಕೊಂಡ ಮೇಲೆಯೇ ದರ ಕೇಳುತ್ತೇವೆ. ಕನ್ಯೆ ನೋಡಲು ಹೋದವರಂತೂ ಹುಡುಗಿಯನ್ನು ನಡೆಸಿ ನೋಡುತ್ತಾರೆ, ಹಾಡಿಸಿ ನೋಡುತ್ತಾರೆ, ಜಡೆ ಎಳೆದು ನೋಡುತ್ತಾರೆ. ಸೂಜಿ ಅಂದರೆ ಮಾತ್ರ ಏನು, ಎತ್ತ ಅಂತ ಕೇಳದೆ ತೋಳು ಚಾಚಿ ಕೂಡುತ್ತೇವೆ. ಮೇಲೆ ಅದಕ್ಕೆ ಜಂಭ ಬೇರೆ. ಸೂಜಿ ಹಾಕದ ಡಾಕ್ಟರ್ ಎಂಥ ಡಾಕ್ಟರ್, ಅಂತ. ಇದು ಯಾವ ಸೀಮೆಯ ಶಾಣ್ಯಾತನ?

ಅಷ್ಟರಲ್ಲಿ ನಿಡೋಣಿ ಬೀಗರು ಬಂದರು. ಅವತ್ತು ಯಾರ ಮನೆಗೆ ಕನ್ಯೆ ನೋಡಲು ಹೊರಟಿದ್ದರೋ ಅವರೇ. ಆ ಹುಡುಗಿಯೇ ಮುಂದೆ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಬೀಗರ ಒಂದು ಕೈಯಲ್ಲಿ ಎಮ್ಮೆ ಹಾಲಿನ ಕ್ಯಾನು, ಬಾಯಲ್ಲಿ ತಂಬಾಕು. ಸ್ಟೂಲ್ ಎಳೆದುಕೊಂಡು ಕಾಟಿನ ತಲೆದಿಂಬಿನ ಹತ್ತಿರ ಕೂತರು. ನಮ್ಮ ಮನೆಯವರು ಜ್ವರದಲ್ಲೂ ಮೀಸೆ ಸರಿ ಮಾಡಿಕೊಂಡರು.

ಸಿಸ್ಟರ್ ನಮ್ಮ ಕಡೆ ಬಂದಳು.

"ಪೇಶಂಟ್ ಹೆಸರೇನು?" ಅಂತ ನನ್ನನ್ನು ಕೇಳಿದಳು.

ಗಂಡನ ಹೆಸರು ನಾನು ಹೇಳುವವಳಲ್ಲ. ಕಾಟು ತೋರಿಸಿದೆ. "ಇವರರಿ, ಇದರ ಮ್ಯಾಲ ಮಕ್ಕೊಂಡವರು."

"ಕಾಟ ನೋಡಿ ಸೂಜಿ ಹಾಕಾಕ ಬರೂದಿಲ್ಲ, ಆಯಿ. ಅದರ ಮ್ಯಾಲ ಇವತ್ತ ಇವರು, ನಾಳಿ ಇನ್ನೊಬ್ಬರು."

ನಮ್ಮ ಮನೆಯವರು ತಮ್ಮ ಹೆಸರನ್ನು ಅಪ್ಪನ ಹೆಸರು, ಮನೆತನದ ಹೆಸರು ಸಮೇತ ಆಚೆ ವಾರ್ಡಿಗೆ ಕೇಳುವ ಹಾಗೆ ಹೇಳಿದರು. ಅವಳು ಕಾಗದದಲ್ಲಿದ್ದದ್ದರ ಜೊತೆ ಹೋಲಿಸಿ ನೋಡಿದಳು.

"ಅಜ್ಜಾರ, ಮೊದಲ ಯಾವಾಗರೆ ಪೆನಿಸಿಲಿನ್ ತಗೊಂಡೀರೇನು?"

"ಜೀವಮಾನದಾಗ ಸೂಜಿ ಮುಟ್ಟಿಲ್ಲ ನೋಡವಾ. ಹಾಲು ಬೆಣ್ಣಿ ತಿಂದ ಮೈ ಇದು."

ಬೀಗರು ತಲೆದೂಗಿದರು.

"ಯಾವುದರೆ ಔಷಧ ಮೈಗೆ ಒಗ್ಗದ ಹೋಗಿದ್ದು?"

"ಇಲ್ಲಾ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಕೇಳಿದ್ದಾಯಿತು, ಹೇಳಿದ್ದಾಯಿತು. ಇವಳು ಬಿಡಲಿಲ್ಲ. ಅದೇ ಪ್ರಶ್ನೆಯ ಅಂಗಿ ಬದಲಿಸಿ ಮತ್ತೆ ಕೇಳಿದಳು.

"ಔಷಧದ ಮಾತ ಬಿಡ್ರಿ. ಮೈತುಂಬ ದದ್ದು ಎದ್ದದ್ದು, ತುಟಿ ಬಾತದ್ದು, ಉಸರ ಹಿಡದದ್ದು, ಹಿಂಥಾದ್ದು ಏನರೆ ಆಗಿತ್ತೇನು?"

ಮಲಗಿದ್ದವರ ಕಣ್ಣು ಹೊಳೆದವು. "ಓ, ಅದ ಆಗಿತ್ತಲ್ಲ. ಆದ್ರ ಅದು ಔಷಧದ್ದಲ್ಲವಾ, ದೃಷ್ಟಿದು."

ಶುರುವಾಯಿತು ಕಥೆ. ರುಮಾಲಿನ ಎತ್ತರವನ್ನು ಕೈ ಎತ್ತಿ ತೋರಿಸಿದರು. ಚಪ್ಪಲಿಯ ಕಿರುಗುಟ್ಟುವಿಕೆಯನ್ನು ಬಾಯಿಂದ ಮಾಡಿ ತೋರಿಸಿದರು. ಬೀಗರು ನಡುನಡುವೆ, "ನಮ್ಮ ಮನಿಗಿ ಬರೂ ಮುಂದ ಆದದ್ದು ನೋಡವಾ ಇದು" ಅಂತ ತಮ್ಮ ಪಾಲನ್ನೂ ಸೇರಿಸಿದರು. ತಮ್ಮ ಮನೆಗೆ ಬರಲೆಂದೇ ಅಂಥ ರುಮಾಲು ಸುತ್ತಿದ್ದರಲ್ಲ, ಅವರಿಗೂ ಅದು ಹೆಮ್ಮೆ.

ಜುಬೇದಾ ನಗಲಿಲ್ಲ. ಕೈಯಲ್ಲಿದ್ದ ಸೂಜಿಯನ್ನು ಟ್ರೇಯಲ್ಲಿಟ್ಟು ಪೂರಾ ಕಥೆ ಕೇಳಿದಳು.

"ಬೀಳೂಕಿಂತ ಮೊದಲ ಏನ್ ತಿಂದಿದ್ರಿ? ಏನ್ ತಗೊಂಡಿದ್ರಿ?"

"ಏನೂ ಇಲ್ಲಾ. ಒಂದ ಎಲಿ ಅಡಿಕಿ."

ಎಲೆ ಅಡಿಕೆ ಅಂದಕೂಡಲೇ ನನಗೆ ಅಗಸಿ ನೆನಪಾಯಿತು. ಅಗಸಿಯಿಂದ ಚಹಾದಂಗಡಿ, ಚಹಾದಂಗಡಿಯಿಂದ ಬಾಕು, ಬಾಕಿನಿಂದ ಫಟಫಟಿ. ಡ್ರೈವರನ ಮುಂಗೈ ಮೇಲಿನ ಚಕ್ರ ಕಣ್ಣೆದುರಿಗೇ ಇತ್ತು. ಅಷ್ಟೂ ವರ್ಷ ಹೊಳೆಯದ್ದು ಒಂದು ಗಳಿಗೆಯಲ್ಲಿ ಹೊಳೆಯಿತು. ನಾನು ಇವರ ಮುಖ ನೋಡಿದೆ. ಇವರು ಗೋಡೆ ನೋಡಿದರು.

"ಕುರು ಆಗಿತ್ತಲ್ರಿ" ಅಂದೆ.

"ಯಾವ ಕುರು?"

"ಕುಂಡಿ ಮ್ಯಾಲಿನ ಕುರು."

ಡ್ರೈವರನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಬೀಗರು ತಂಬಾಕು ನುಂಗಿದರು ಅಂತ ಕಾಣುತ್ತದೆ.

"ಏ, ಇಕಿಗಿ ವಯಸ್ಸಾಗೇತಿ. ಏನರೆ ಮಾತಾಡ್ತಾಳ. ನೀ ಸೂಜಿ ಹಾಕವಾ" ಅಂತ ಇವರು ತೋಳು ಮುಂದೆ ಚಾಚಿದರು. ಕುರು ಒಪ್ಪಿಕೊಳ್ಳುವುದಕ್ಕಿಂತ ಸೂಜಿ ವಾಸಿ ಅನ್ನಿಸಿರಬೇಕು.

"ವಯಸ್ಸು ನನಗ ಆಗೇತಿ, ಕುರು ನಿಮಗ ಆಗಿತ್ತು" ಅಂದೆ. "ರುಮಾಲ ಸುತಗೊಂಡ ಅಗಸಿಗೆ ಹೋಗಿ ಫಟಫಟಿ ಕಂಪೌಂಡರ್ ಕಡೆ ಸೂಜಿ ಹಾಕಿಸ್ಕೊಂಡ್ರಿ. ತಿರುಗಿ ಬರೂ ಮುಂದ ನೀಲವ್ವ ನೋಡಿದಳು. ಮೊದಲ ಸೂಜಿ, ಆಮ್ಯಾಲ ಕಣ್ಣು. ಈಗ ಹೇಳ್ರಿ, ಸುಳ್ಳನ?"

ಇವರು ಚಾಚಿದ ತೋಳನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು.

ಬೀಗರಿಗೆ ಹಳೆಯದೊಂದು ನೆನಪಾಯಿತು. "ಹಂಗಾರ ಬೀಗರ, ಮುಂದ ನೀವು ನಮ್ಮ ಮನಿಗಿ ಬಂದಾಗ ಗಾದಿ ಮ್ಯಾಲ ಕುಂದರ್ರಿ ಅಂದ್ರೂ ನಿಂತ ಮಾತಾಡಿದ್ರಿ ನೋಡ್ರಿ. ನಾವು ದೊಡ್ಡ ಮನಷ್ಯಾರು, ಗತ್ತು ಅಂತ ತಿಳಕೊಂಡಿದ್ವಿ."

ನಮ್ಮ ಮನೆಯವರು ಚಾದರ ಮುಖದ ಮೇಲೆ ಎಳೆದುಕೊಂಡರು.

ಜುಬೇದಾ ನನ್ನನ್ನು ಕೇಳಿದಳು, "ಆಯಿ, ಸೂಜಿ ಹಾಕಿದ ಎಷ್ಟ್ ಹೊತ್ತಿನ ಮ್ಯಾಲ ದದ್ದು ಎದ್ದುವು? ಯಾವ ಸೂಜಿ ಅಂತ ಗೊತ್ತೈತೇನು?"

"ಅಗಸಿಂದ ಮನಿಗಿ ಬರೂದ್ರಾಗ ಎದ್ದುವು. ಯಾವ ಸೂಜಿ ಅಂತ ಹಾಕಿದವಗರೆ ಗೊತ್ತಿತ್ತೋ ಇಲ್ಲೋ."

"ಗೊತ್ತಿಲ್ಲ ಅಂದ್ರ ಪೆನಿಸಿಲಿನ್ ಅಂತನ ತಿಳಕೋಬೇಕು" ಅಂದಳು. "ಇವರಿಗೆ ಟೆಸ್ಟ್ ಸುದ್ದಾ ಬ್ಯಾಡ. ಒಮ್ಮೆ ಹಂಗಾದವರಿಗೆ ಎರಡನೇ ಸಲ ಇನ್ನೂ ಜೋರ ಬರಬಹುದು." ಟ್ರೇ ಎತ್ತಿಕೊಂಡು ಸೀದಾ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ತಾವೇ ಎದ್ದು ಬಂದರು, ನನ್ನಿಂದ ಮತ್ತೊಮ್ಮೆ ಎಲ್ಲ ಕೇಳಿದರು, ಬರೆದದ್ದನ್ನು ಹೊಡೆದು ಹಾಕಿ ಬೇರೆ ಜಾತಿಯ ಕ್ಯಾಪ್ಸೂಲ್ ಬರೆದರು. ಇವರ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಏನೋ ಗೀಚಿದರು. ಪೆನಿಸಿಲಿನ್ ಕೊಡಬಾರದು ಅಂತ.

ಇನ್ನೊಂದು ಗಳಿಗೆ ಆಗಿದ್ದರೆ? ಒಂದು ಕುರುವಿನ ನಾಚಿಕೆಗೆ ಮನುಷ್ಯ ಹೋಗಿಬಿಡುತ್ತಿದ್ದ. ಅದೂ ಎಂದೋ ಒಡೆದುಹೋದ ಕುರು.

ಕ್ಯಾಪ್ಸೂಲ್ ಬಂತು. ಬೀಗರಿಗೆ ಜೀವ ಬಂತು. ಕ್ಯಾನಿನ ಮುಚ್ಚಳ ತೆಗೆದು, "ಇಂಗ್ಲಿಷ್ ಔಷಧ ಉಷ್ಣ ಇರತಾವ. ಹಾಲಿನಾಗ ತಗೋರಿ" ಅಂದರು.

"ಈ ಗುಳಿಗಿಗೆ ಹಾಲ ಬ್ಯಾಡ್ರಿ, ಮಸರೂ ಬ್ಯಾಡ" ಅಂತ ಜುಬೇದಾ ಕ್ಯಾನಿನ ಮೇಲೆ ಕೈ ಇಟ್ಟಳು. "ಹಾಲು ಔಷಧನ ಹಿಡಕೊಂಡ ಕುಂದರತೈತಿ, ಮೈಗೆ ಹತ್ತಗೊಡೂದಿಲ್ಲ. ತುಂಬ ನೀರ ಕುಡದು ನುಂಗ್ರಿ. ನುಂಗಿದ ಕೂಡ್ಲೇ ಮಕ್ಕೋಬ್ಯಾಡ್ರಿ."

"ಹಂಗಾರ ಈ ಹಾಲು?"

"ಗುಳಿಗಿಗೂ ಹಾಲಿಗೂ ನಡುವ ಎರಡ ತಾಸು ಇರಲಿ. ಇಲ್ಲಾಂದ್ರ ನೀವ ಕುಡೀರಿ."

ಬೀಗರು ಕುಡಿದರು. ಕುಡಿದು ಬಾಯಿ ಒರೆಸಿಕೊಂಡು, "ನನಗೂ ಕೆಮ್ಮು ಐತಿ. ಅದರಾಗ ಒಂದೆರಡ ಕ್ಯಾಪ್ಸೂಲ್ ಕೊಡ್ರಲಾ ಬೀಗರ" ಅಂದರು. ನಮ್ಮ ಮನೆಯವರು ಚಾದರದೊಳಗಿಂದಲೇ ಕೈ ಹೊರಗೆ ಚಾಚಿ ಉದಾರವಾಗಿ ಕೊಡಲು ಹೊರಟರು. ನಾವು ಹೀಗೇ. ಊರಿನಲ್ಲಿ ಹೆಪ್ಪು ಹಂಚಿಕೊಂಡ ಹಾಗೆ ಗುಳಿಗೆ ಹಂಚಿಕೊಳ್ಳುತ್ತೇವೆ. ಉಳಿದವರದ್ದು ಬೇಡ, ನಮ್ಮ ಮನೆಯ ಗೂಡಿನಲ್ಲೇ ಯಾರೋ ಅರ್ಧ ತಿಂದು ಬಿಟ್ಟ ಗುಳಿಗೆಗಳು ಬಣ್ಣ ಬಣ್ಣದವು ಕೂತಿವೆ. ಯಾವುದು ಯಾರದ್ದು, ಯಾತಕ್ಕೆ, ದೇವರಿಗೇ ಗೊತ್ತು.

"ಇವು ಇವರ ಕಾಲಿಗೆ ಬರದದ್ದು, ನಿಮ್ಮ ಎದಿಗೆ ಅಲ್ಲ" ಅಂತ ಜುಬೇದಾ ಕ್ಯಾಪ್ಸೂಲ್ ವಾಪಸ್ ಇಸಿದುಕೊಂಡಳು. "ಅಜ್ಜಾರ, ಜ್ವರ ಇಳೀತು ಅಂತ ನಡುವ ಬಿಟ್ಟೀರಿ. ಡಾಕ್ಟರ್ ಹೇಳಿದಷ್ಟ ದಿನ ಪೂರಾ ಮುಗಿಸಬೇಕು."

ಎಲ್ಲ ಆಯಿತು. ಹೋಗುವಾಗ ನನ್ನನ್ನು ಬಾಗಿಲಿನ ಹತ್ತಿರ ಕರೆದು ಅವಳು ಒಂದು ಮಾತು ಹೇಳಿದಳು. "ಆಯಿ, ಕೆಂಪು ಶಾಯಿ ಇರೂದು ಈ ಆಸ್ಪತ್ರಿ ಕಾಗದದ ಮ್ಯಾಲ. ಊರಾಗ ಅಜ್ಜಾರು ಇದನ್ನ ದೃಷ್ಟಿ ಅಂತನ ಹೇಳ್ಕೋತ ಹೋದ್ರ, ಮುಂದಿನ ಸೂಜಿಯವಗ ಏನ್ ಹೇಳ್ತಾರ?"

ಈ ಮಾತು ನನ್ನ ತಲೆಯಲ್ಲಿ ಕೂತಿತು.

ಸಂಜೆ ಇವರ ಜ್ವರ ಸ್ವಲ್ಪ ತಗ್ಗಿತು. ಬೀಗರು ರಾತ್ರಿ ಅಲ್ಲೇ ಉಳಿಯುವವರಿದ್ದರು. ನಾನು ನೇರವಾಗಿ ಕೇಳಿದೆ. "ಈಗ ನೀಲವ್ವಗ ಏನ್ ಹೇಳ್ತೀರಿ?"

"ಹಳೇ ಮಾತದು. ಯಾಕ ಕೆದರ್ತಿ?"

"ಆಕಿ ನೆಲಾ ನೋಡ್ಕೋತ ಅಡ್ಯಾಡೂದೇನ್ ಹಳೇದಾಗಿಲ್ಲಲಾ. ಮೊನ್ನಿನೂ ಹಂಗ ನೀರಿಗಿ ಹೊಂಟಿದ್ದಳು."

ವಿಚಾರ ಮಾಡಿದರು. ಮಾಡಿ, ಗಂಡಸರು ಸೋತಾಗ ಮಾಡುವ ಕೆಲಸವನ್ನೇ ಮಾಡಿದರು. ರಾಜಿ. "ಎರಡೂ ಆಗಿರಬೇಕು ನೋಡು. ಸೂಜಿನೂ ಬಡದಿರಬೇಕು, ದೃಷ್ಟಿನೂ ಬಡದಿರಬೇಕು."

"ಕೂಡೇ ಬಡದಿರಬೇಕು" ಅಂತ ಬೀಗರು ಸಹಿ ಹಾಕಿದರು.

"ಸೂಜಿ ಚುಚ್ಚಿದವ ಒಬ್ಬ ಸಾಲದ?"

"ಅಲ್ಲ, ಅವತ್ತ ನಾನು ಆ ರುಮಾಲಿನಾಗ ಹೆಂಗ ಕಾಣಾಕತ್ತಿದ್ದೆ ಅಂತ ನೀನೂ ನೋಡಿದಿ" ಅಂದರು.

ಇಲ್ಲಿದೆ ನೋಡಿ ಬೇರು. ದೃಷ್ಟಿ ಬಿಟ್ಟರೆ ಚಂದ ಹೋಗುತ್ತದೆ. ಸೂಜಿ ಬಡಿದವನು ಬರೀ ರೋಗಿ, ದೃಷ್ಟಿ ಬಡಿದವನು ಸುಂದರ. ಒಂದು ಹೆಣ್ಣಿನ ಕಣ್ಣು ನೆಲಕ್ಕಿಳಿದದ್ದು, ನಾಳೆ ಇನ್ಯಾವನೋ ಸೂಜಿಯವನು ಬಂದರೆ ತಮ್ಮ ಜೀವ ಹೋಗುವುದು, ಎರಡನ್ನೂ ತಕ್ಕಡಿಯ ಒಂದು ಕಡೆ ಇಟ್ಟು ಇನ್ನೊಂದು ಕಡೆ ಆ ರುಮಾಲು ಇಟ್ಟರೆ ಇವರಿಗೆ ರುಮಾಲೇ ಭಾರ.

ಇಂಥವರ ಜೊತೆ ವಾದ ಮಾಡಿ ಉಪಯೋಗವಿಲ್ಲ. ಎದುರಿಗೆ ಟೆಸ್ಟ್ ಮಾಡಿ ತೋರಿಸಬೇಕು.

ಮರುದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ಟ್ರಂಕಿನ ತಳದಿಂದ ಕೇಸರಿ ರುಮಾಲು ತೆಗೆದೆ. (ಜರಿ ಕಪ್ಪಾಗಿತ್ತು, ಒಂದು ಮೂಲೆ ಇಲಿ ಕಡಿದಿತ್ತು.) ಎದುರು ಮನೆಗೆ ಹೋಗಿ ನೀಲವ್ವನನ್ನು ಕರೆದೆ.

"ವಿಜಾಪುರಕ್ಕ ನಡಿ ಬೇ, ಕೆಲಸ ಐತಿ."

"ಕಾಕಾರು ಹೆಂಗದಾರ? ನಾ ಬರೂದಿಲ್ಲಬೇ. ಅವರಿಗಿ ಆರಾಮಿಲ್ಲ, ನಾ ಎದರಿಗಿ ಬರಬಾರದು."

"ಎದರಿಗಿ ಬರೂದ ಕೆಲಸ. ನಡಿ."

ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ. ಕುರು, ಬಾಕು, ಫಟಫಟಿ. ಅವಳು ಸಾರವಾಡದವರೆಗೆ ಕಿವಿಗೊಟ್ಟು ಕೇಳಿದಳು. ಆಮೇಲೆ ಒಂದೇ ಒಂದು ಕೇಳಿದಳು. "ಕುರು ಎಲ್ಲಿ ಆಗಿತ್ತು ಅಂದಿ?" ಮತ್ತೊಮ್ಮೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ವಿಜಾಪುರದವರೆಗೂ ನಕ್ಕಳು.

ವಾರ್ಡಿನಲ್ಲಿ ಇವರನ್ನು ದಿಂಬಿಗೆ ಆನಿಸಿ ಕೂಡಿಸಿ ನಾನೇ ರುಮಾಲು ಸುತ್ತಿದೆ. ಇಲಿ ಕಡಿದ ಮೂಲೆ ಒಳಗೆ ಹೋಗುವ ಹಾಗೆ. ಇವರು ಬೇಡ ಅಂದರು, ಆದರೆ ತಲೆ ಅಲ್ಲಾಡಿಸಲಿಲ್ಲ. ನೀಲವ್ವನನ್ನು ಎದುರಿನ ಸ್ಟೂಲಿನ ಮೇಲೆ ಕೂಡಿಸಿದೆ. ಬೀಗರು ಸಾಕ್ಷಿ. ಡ್ರೈವರ್ ಬಿಟ್ಟಿ ಸಾಕ್ಷಿ. ಜುಬೇದಾ ಔಷಧದ ಟ್ರೇ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಸಿಸ್ಟರ್, ಗಡಿಯಾರ ನೋಡ್ರಿ" ಅಂದೆ. "ನೀಲವ್ವ, ಮೊದಲ ಒಂದ ಕಣ್ಣಿಂದ ನೋಡು. ಟೆಸ್ಟ್ ಅಂದ್ರ ಮೊದಲ ಸ್ವಲ್ಪ."

ನೀಲವ್ವ ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. ನಾನು ಇವರ ತೋಳು ನೋಡಿದೆ, ತುಟಿ ನೋಡಿದೆ. ತುರಿಸುತ್ತದೇನು ಅಂತ ಕೇಳಿದೆ. ಇಲ್ಲ. ಎದೆ ಬಿಗಿಯುತ್ತದೇನು? ಇಲ್ಲ.

"ಈಗ ಎರಡೂ ಕಣ್ಣಿಂದ ನೋಡು. ಬಾಯಿ ತುಂಬ ಹೊಗಳು."

ಹೊಗಳಿ ಬಹಳ ವರ್ಷವಾಗಿತ್ತು, ನಾಲಿಗೆ ಹೊರಳಲಿಲ್ಲ. "ಇಲಿಮರಿ" ಅಂತ ಶುರು ಮಾಡಿ ತಡೆದಳು. ಆಮೇಲೆ ತಲೆ ಎತ್ತಿದಳು. ಸೀದಾ ನೋಡಿದಳು.

"ಕಾಕಾರ, ಮುಪ್ಪಾದ್ರೂ ಆ ಮೀಸಿ ಮುಂದ ಇವತ್ತಿನ ಹುಡುಗೂರ ಎಲ್ಲಿ ನಿಂದರತಾರ? ಆ ರುಮಾಲ ನಿಮ್ಮ ತಲಿಗಿ ಬಂದ ಚಂದ ಆಗೇತಿ, ನೀವು ರುಮಾಲಿನಿಂದ ಚಂದ ಆಗಿಲ್ಲ" ಅಂದಳು. ಅಲ್ಲಿಂದ ಅವಳ ಬಾಯಿ ನಿಲ್ಲಲಿಲ್ಲ. ಮೂಗು ಹೊಗಳಿದಳು, ಹಣೆ ಹೊಗಳಿದಳು, ಬೀಗರ ಕೋಟು ಹೊಗಳಿದಳು, ಜುಬೇದಾಳ ಜಡೆ ಹೊಗಳಿದಳು. ಅರ್ಧ ತಾಸು ಕಣ್ಣು ಕೆಳಗಿಳಿಸಲಿಲ್ಲ.

"ಟೈಮ್ ಆತ್ರಿ ಆಯಿ" ಅಂದಳು ಜುಬೇದಾ. ಬಂದು ತುಟಿ, ತೋಳು ತಾನೂ ಒಮ್ಮೆ ನೋಡಿ, ಮೊದಲನೇ ಸಲ ನಕ್ಕಳು. "ರಿಯಾಕ್ಷನ್ ಇಲ್ಲ."

"ಈಗ ಹೇಳ್ರಿ" ಅಂದೆ ಇವರಿಗೆ. "ಇನ್ನ ಯಾವನರೆ ಸೂಜಿ ಹಿಡಕೊಂಡ ಬಂದ್ರ ಏನ್ ಹೇಳ್ತೀರಿ?"

"ಪೆನಿಸಿಲಿನ್ ನನಗ ಆಗೂದಿಲ್ಲ ಅಂತ ಹೇಳ್ತೇನಿ." ಆಮೇಲೆ ನೀಲವ್ವನ ಕಡೆ ತಿರುಗದೆ, ನನಗೆ ಮಾತ್ರ ಕೇಳುವ ಹಾಗೆ ಅಂದರು, "ಆದ್ರ ಒಂದ ಸಲದ ಟೆಸ್ಟಿಗೆ ಪಕ್ಕಾ ಗೊತ್ತಾಗೂದಿಲ್ಲ. ನಾಳಿ ಇನ್ನೊಮ್ಮೆ ಕರಕೊಂಡ ಬಾ."

ನಾನು ರುಮಾಲು ಬಿಚ್ಚಿ ಗಂಟು ಕಟ್ಟಿಕೊಂಡೆ. "ನಡಿ ನೀಲವ್ವ, ಬಸ್ಸಿನ ಹೊತ್ತಾತು. ಓಣ್ಯಾಗ ಎಷ್ಟ ಕೂಸು ಅದಾವ, ನೀ ನೋಡೂದು ಭಾಳ ಉಳದೈತಿ."